ಬಂಡೆ ದಾರಿಯಲ್ಲಿ ಸೈಕಲ್ಲು, ಕೊರಳಲ್ಲಿ ಕ್ಯಾಮೆರಾ



ಹಲ್ಲು ಹಲ್ಲಾದ ದಪ್ಪ ಟೈರಿನ ಸೈಕಲ್ಲು ಒಂದೊಂದು ನೆಲದ ಮೇಲೆ ಒಂದೊಂದು ಸದ್ದು ಮಾಡುತ್ತದೆ. ಡಾಂಬರಿನ ಮೇಲೆ ಜೇನುಗೂಡಿನ ಹತ್ತಿರ ನಿಂತ ಹಾಗೆ ಗುಂಯ್‌ಗುಡುತ್ತದೆ. ಕಾಲುವೆ ಏರಿಯ ಗರಸಿಗೆ ಇಳಿದರೆ ಹುರಿಗಡಲೆ ಅಗಿದಂತೆ ಕರಕರ. ಬಾಳೆತೋಟದ ಮಗ್ಗುಲಿನ ಹಸಿಮಣ್ಣಿನಲ್ಲಿ ಪಿಚಪಿಚ. ಅಲ್ಲಿಂದ ಒಂದೇ ಏಟಿಗೆ ಬೋಳು ಬಂಡೆಯ ಮೇಲೆ ಹತ್ತಿದಿರೋ, ಸದ್ದೇ ಅಡಗಿಹೋಗುತ್ತದೆ. ನಿಮ್ಮ ಉಸಿರು ಮಾತ್ರ ನಿಮಗೆ ಕೇಳಿಸುತ್ತದೆ.

ಫೋಟೊ ತೆಗೆಯುವ ಹವ್ಯಾಸದ ಬಗ್ಗೆ ಮಾತಾಡಲು ಬಂದವಳು ಸದ್ದಿನಿಂದ ಶುರುಮಾಡಿದೆ. ಬಾನುಲಿಯಲ್ಲಿ ನಿಮಗೆ ಚಿತ್ರ ತೋರಿಸಲಾರೆ. ಆದರೆ ನನ್ನ ಜೊತೆ ನನ್ನ ಸವಾರಿಯ ದಾರಿಯಲ್ಲಿ ಒಂದಿಷ್ಟು ದೂರ ಕರೆದುಕೊಂಡು ಹೋಗಬಲ್ಲೆ. ದಾರಿ ದೂರದ್ದೇನಲ್ಲ. ಹೊಸಪೇಟೆಯಿಂದ ಕಮಲಾಪುರ, ಅಲ್ಲಿಂದ ಹಂಪಿಯ ಮಗ್ಗುಲಲ್ಲಿ ತಳವಾರಘಟ್ಟ, ಹೊಳೆ ದಾಟಿದರೆ ಆನೆಗೊಂದಿ, ಅದರಾಚೆ ಸಾಣಾಪುರದ ಕೆರೆ. ಹನ್ನೊಂದು ವರ್ಷದಿಂದ, ಬೇಸಿಗೆಯ ಮೂರು ತಿಂಗಳು ಬಿಟ್ಟು, ರಜೆ ಸಿಕ್ಕ ಬೆಳಗಿನಲ್ಲೆಲ್ಲ ನಾನು ಹೋಗುವುದು ಇದೇ ದಾರಿಯಲ್ಲಿ. ಹೆಚ್ಚಿನ ಸಲ ಜೊತೆಗೆ ನಮ್ಮ ಅಕ್ಕನ ಮಗ ಇರುತ್ತಾನೆ. ಅವನು ಸವಾರ, ನಾನು ಅರ್ಧ ಸವಾರಳು, ಅರ್ಧ ಫೋಟೊದವಳು.

ಹೊಳೆ ದಾಟುವ ಜಾಗದಲ್ಲಿ ನನಗೆ ಪ್ರತಿ ಸಲವೂ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ನೆನಪಾಗುತ್ತಾನೆ. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದವನು. ಬುಟ್ಟಿಯ ಹಾಗೆ ದುಂಡಗಿನ, ಹೊರಮೈಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ನಮ್ಮ ಹರಿಗೋಲು ಅದು. ಬೇಕಾದರೆ ಕುದುರೆ, ಎತ್ತುಗಳನ್ನೂ ಅದರಲ್ಲಿ ದಾಟಿಸುತ್ತಿದ್ದರಂತೆ. ಕುದುರೆ ನಿಂತ ಜಾಗದಲ್ಲಿ ಸೈಕಲ್ಲು ಮಲಗಿಸಿಕೊಂಡು ಕೂತು ದಾಟುವಾಗ, ಆ ಕುದುರೆ ನೀರಿನ ನಡುವೆ ಬೆದರದ ಹಾಗೆ ಯಾರು ಅದರ ಕತ್ತು ಸವರುತ್ತಿದ್ದರೋ ಎಂದು ಯೋಚಿಸುತ್ತೇನೆ.

ಆಚೆ ದಡದಲ್ಲಿ ಬಂಡೆಗಳ ರಾಜ್ಯ. ವಾಲಿ ಸುಗ್ರೀವರು ಕಾದಾಡುವಾಗ ಒಬ್ಬರ ಮೇಲೊಬ್ಬರು ಎಸೆದ ಕಲ್ಲುಗಳಿವು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಹಾಗೇ ಕಾಣುತ್ತವೆ ಕೂಡ. ಆದರೆ ಯಾರೂ ಎಸೆದದ್ದಲ್ಲ, ಉರುಳಿ ಬಂದದ್ದೂ ಅಲ್ಲ. ಹೆಚ್ಚಿನವು ಹುಟ್ಟಿದ ಜಾಗದಲ್ಲೇ ಕೂತಿವೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು ಇದು. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟು ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ಬೇರೆಲ್ಲೂ ಅಲ್ಲ, ನಮ್ಮ ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು. ರಾಮನಗರದ ಬೆಟ್ಟವೂ ಆನೆಗೊಂದಿಯ ಬೆಟ್ಟವೂ ಒಂದೇ ಕಲ್ಲಿನ ಪಟ್ಟಿ. ಆ ಕಲ್ಲಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿದ್ದು ಚೌಕ ಚೌಕವಾಯಿತು. ಮಣ್ಣಿನ ಅಡಿಯಲ್ಲಿರುವಾಗಲೇ ಬಿರುಕಿಗೆ ನೀರು ಇಳಿಯಿತು. ಚೌಕದ ಮುಖಕ್ಕೆ ನೀರಿನ ಪೆಟ್ಟು ಒಂದೇ ಕಡೆಯಿಂದ. ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಹಾಗಾಗಿ ಮೂಲೆ ಮೊದಲು ಕರಗಿತು, ಅಂಚು ಆಮೇಲೆ. ಚೌಕ ಗುಂಡಾಯಿತು. ಮೇಲಿನ ಮಣ್ಣು ಕೊಚ್ಚಿಹೋದಾಗ ಗುಂಡುಗಳು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಹೊರಗೆ ಬಂದವು.

ಸೈಕಲ್ಲಿನ ಮಾತಿನಲ್ಲಿ ಇದೆಲ್ಲ ಯಾಕೆ ಎನ್ನಬೇಡಿ. ಈ ಗುಂಡಗಾದ ಕಲ್ಲೇ ನನ್ನನ್ನು ಕೆಡವಿದ್ದು.

ಬಂಡೆಯ ಬೆನ್ನು ಬಿಲ್ಲಿನ ಹಾಗೆ ಬಾಗಿರುತ್ತದೆ. ಮೇಲೆ ನಿಂತಾಗ ನೆಲ ಸಮತಟ್ಟು. ನಾಲ್ಕು ಮಾರು ಮುಂದೆ ಹೋದರೆ ಕೊಂಚ ಇಳಿಜಾರು. ಇನ್ನೂ ಮುಂದೆ ಹೋದಂತೆ ಇಳಿಜಾರು ಕಡಿದಾಗುತ್ತ ಹೋಗುತ್ತದೆ, ಆದರೆ ಅದು ಮೇಲಿನಿಂದ ಕಾಣುವುದೇ ಇಲ್ಲ. ಯಾವುದೋ ಒಂದು ಗೇಣಿನ ಆಚೆ ಬ್ರೇಕು ಎಷ್ಟು ಹಿಡಿದರೂ ಸೈಕಲ್ಲು ನಿಲ್ಲದು. ಆ ಗೇಣು ಎಲ್ಲಿದೆ ಎಂದು ನಡೆದೇ ನೋಡಬೇಕು. ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಮಾತು ಇದೇ: ಹತ್ತಿಕೊಂಡು ಬಾರದ ಬಂಡೆಯನ್ನು ಇಳಿಯಬೇಡಿ. ಮುಂಜಾನೆ ಇಬ್ಬನಿ ಬಿದ್ದಿದ್ದರೆ ಬಂಡೆಯ ಮೇಲಿನ ಕಪ್ಪು ಪಟ್ಟಿಗಳಿಂದ ದೂರ ಇರಿ. ಮಳೆನೀರು ಹರಿದು ಹರಿದು ಪಾಚಿ ಕಟ್ಟಿದ ಜಾಗ ಅದು. ಒಣಗಿದ್ದಾಗ ಟೈರನ್ನು ಅಂಟಿನ ಹಾಗೆ ಹಿಡಿಯುವ ಅದೇ ಕಲ್ಲು ಒದ್ದೆಯಾದರೆ ಸೋಪು.

ನಾನು ಬಿದ್ದ ದಿನ ಇಬ್ಬನಿಯೂ ಇರಲಿಲ್ಲ, ಪಾಚಿಯೂ ಇರಲಿಲ್ಲ. ಡಿಸೆಂಬರ್ ತಿಂಗಳು, ಸೂರ್ಯ ಆಗಷ್ಟೇ ಗುಡ್ಡದ ಮೇಲೆ ಬಂದಿದ್ದ. ಗ್ರಾನೈಟಿನಲ್ಲಿ ಗುಲಾಬಿ ಬಣ್ಣದ ಹರಳುಗಳಿರುತ್ತವಲ್ಲ, ಎಳೆಬಿಸಿಲು ತಗುಲಿದಾಗ ಇಡೀ ಬೆಟ್ಟ ಹೊಸದಾಗಿ ಸುಟ್ಟ ಮಡಕೆಯ ಬಣ್ಣಕ್ಕೆ ಬರುತ್ತದೆ. ಅಂಥ ಬೆಳಕು ಹತ್ತೇ ನಿಮಿಷ ಇರುವುದು. ನಾನು ಇಳಿಯುತ್ತಿದ್ದೆ. ಎಡಗಡೆ, ಎರಡು ಗುಂಡುಗಳ ಸಂದಿಯಲ್ಲಿ ಒಂದು ತಾಳೆಮರ, ಅದರ ಹಿಂದೆ ಹಬೆಯಾಡುವ ಗದ್ದೆ. ‘ಎಂಥ ಚಿತ್ರ!’ ಎಂದುಕೊಂಡೆ. ಮುಂದಿನ ಕ್ಷಣ ಆ ಎಡಗಡೆಯ ಗುಂಡಿಗೇ ಹೋಗಿ ಬಡಿದಿದ್ದೆ. ಮೊಣಕೈ ತರಚಿ ರಕ್ತ ಬಂತು, ಲೆನ್ಸಿನ ಮುಂದಿನ ಗಾಜು ಬಿರುಕುಬಿಟ್ಟಿತು. ಮೂರು ವಾರ ಸೈಕಲ್ಲು ಹತ್ತಲಿಲ್ಲ.

ಆ ಮೂರು ವಾರದಲ್ಲಿ ಒಂದು ವಿಷಯ ನನಗೆ ಸ್ಪಷ್ಟವಾಯಿತು. ಬೆಟ್ಟದಲ್ಲಿ ಸೈಕಲ್ಲು ಕಣ್ಣು ಹೋದ ಕಡೆಗೆ ಹೋಗುತ್ತದೆ. ಕಲ್ಲು ನೋಡಿದರೆ ಕಲ್ಲಿಗೆ, ಸಂದಿ ನೋಡಿದರೆ ಸಂದಿಗೆ. ಕಣ್ಣು ತಿರುಗಿದ ಕಡೆ ತಲೆ, ತಲೆ ತಿರುಗಿದ ಕಡೆ ಹೆಗಲು, ಹೆಗಲು ತಿರುಗಿದ ಕಡೆ ಹ್ಯಾಂಡಲ್ಲು. ಪಳಗಿದ ಸವಾರರು ಕಲ್ಲನ್ನು ನೋಡುವುದೇ ಇಲ್ಲ. ಕಲ್ಲುಗಳ ನಡುವಿನ ಖಾಲಿ ಜಾಗವನ್ನು ನೋಡುತ್ತಾರೆ, ಅದೂ ಮುಂದಿನ ಚಕ್ರದ ಹತ್ತಿರ ಅಲ್ಲ, ಮೂರು ನಾಲ್ಕು ಮಾರು ಆಚೆ. ಫೋಟೊ ತೆಗೆಯುವವರ ಕಣ್ಣಿನ ಸ್ವಭಾವ ಇದಕ್ಕೆ ಪೂರ್ತಿ ತಿರುಗುಮುರುಗು. ಅದಕ್ಕೆ ಕಲ್ಲೇ ಬೇಕು, ಖಾಲಿ ಜಾಗ ಬೇಡ. ಕಂಡದ್ದರ ಮೇಲೆ ಹೋಗಿ ಕೂತುಬಿಡುತ್ತದೆ, ಅಲ್ಲಿಂದ ಏಳುವುದಿಲ್ಲ. ಈ ಎರಡು ಕಣ್ಣುಗಳನ್ನು ಒಂದೇ ಹೊತ್ತಿನಲ್ಲಿ ತೆರೆದಿಟ್ಟುಕೊಳ್ಳಲು ಹೋಗಿ ನಾನು ಬಿದ್ದದ್ದು.

ಅಲ್ಲಿಂದ ಇಲ್ಲಿಯವರೆಗೆ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಮೊದಲ ಸುತ್ತಿನಲ್ಲಿ ಕ್ಯಾಮೆರಾ ಚೀಲದೊಳಗೆ. ಸುಮ್ಮನೆ ಸವಾರಿ. ಎರಡನೇ ಸಲ ಸೈಕಲ್ಲನ್ನು ತಳ್ಳಿಕೊಂಡು ಬರುತ್ತೇನೆ, ಆಗ ಕ್ಯಾಮೆರಾ ಕೈಯಲ್ಲಿ. ಇದರಿಂದ ಒಳ್ಳೆಯ ಬೆಳಕು ಎಷ್ಟೋ ಸಲ ತಪ್ಪಿಹೋಗಿದೆ, ನಿಜ. ಆದರೆ ಮೈಯಿಂದ ಒಮ್ಮೆ ದಾಟಿದ ಜಾಗವನ್ನು ಆಮೇಲೆ ನಿಂತು ನೋಡಿದಾಗ ಅದು ಬೇರೆಯೇ ಕಾಣುತ್ತದೆ. ಎಲ್ಲಿ ಎದೆ ನಡುಗಿತೋ ಅಲ್ಲೇ ನಿಂತು ಫೋಟೊ ತೆಗೆಯಬೇಕು ಎಂದು ಕಾಲಿಗೆ ಗೊತ್ತಾಗಿರುತ್ತದೆ.

ಈ ಎರಡೂ ಕೆಲಸವನ್ನು ಬಹಳ ಹಿಂದೆಯೇ ಮಾಡಿದ ಒಬ್ಬ ಹೆಣ್ಣುಮಗಳ ಕಥೆ ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಜಿಲ್ಲೆ, ಅಲ್ಲಿ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರು. 1970ರ ದಶಕದಲ್ಲಿ ಅಲ್ಲಿನ ಕೆಲವು ಹುಡುಗರು ನಲವತ್ತು ವರ್ಷ ಹಳೆಯ, ದಪ್ಪ ಟೈರಿನ ಭಾರದ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರ್ 21ರಂದು ಒಂದು ಪಂದ್ಯವನ್ನೇ ಇಟ್ಟುಕೊಂಡರು. ಸುಮಾರು ಮೂರು ಕಿಲೋಮೀಟರ್ ದಾರಿ, ಇಳಿಕೆ 1300 ಅಡಿ. ಆ ಸೈಕಲ್ಲುಗಳಿಗೆ ಇದ್ದದ್ದು ಪೆಡಲು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಚಕ್ರದ ಹಬ್ಬು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತಕ್ಕೂ ಹಬ್ಬು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಮತ್ತೆ ತುಂಬುವ ಆ ಕೆಲಸದ ಇಂಗ್ಲಿಷ್ ಹೆಸರಿನಿಂದಲೇ ದಾರಿಗೆ ‘ರಿಪ್ಯಾಕ್’ ಎಂಬ ಹೆಸರು ನಿಂತಿತು. ಗ್ಯಾರಿ ಫಿಶರ್ ಅದನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದ ದಾಖಲೆ ಇದೆ. ಜೋ ಬ್ರೀಝ್ 1977ರಲ್ಲಿ ಇಂಥ ದಾರಿಗೆಂದೇ ಹೊಸ ಚೌಕಟ್ಟು ಕಟ್ಟಿದರು. ಇವತ್ತು ನಮ್ಮ ಪೇಟೆಯ ಅಂಗಡಿಗಳಲ್ಲಿ ನಿಂತಿರುವ ಮೌಂಟನ್ ಬೈಕುಗಳ ವಂಶವೃಕ್ಷ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಗಂಡುಹುಡುಗರೇ ತುಂಬಿದ್ದ ಆ ಗುಂಪಿನಲ್ಲಿ ವೆಂಡಿ ಕ್ರ್ಯಾಗ್ ಎಂಬ ಯುವತಿ ಇದ್ದರು. ಅದೇ ಭಾರದ ಸೈಕಲ್ಲು ಹತ್ತಿ ಅದೇ ಗುಡ್ಡಗಳಲ್ಲಿ ಓಡಾಡಿದರು, ರಿಪ್ಯಾಕ್ ಪಂದ್ಯದಲ್ಲಿಯೂ ಇಳಿದರು. ಜೊತೆಗೆ ಕ್ಯಾಮೆರಾ ಒಯ್ಯುತ್ತಿದ್ದರು. ಜೀನ್ಸ್ ಪ್ಯಾಂಟು, ದಪ್ಪ ಬೂಟು ಹಾಕಿಕೊಂಡು ದೂಳೆಬ್ಬಿಸಿ ಬರುವ ಆ ಹುಡುಗರ ಚಿತ್ರಗಳನ್ನು ನೀವು ಎಲ್ಲಾದರೂ ನೋಡಿದ್ದರೆ, ಅದು ಬಹುಪಾಲು ಅವರದೇ ಕೈಚಳಕ. ಒಂದು ಆಟ ಹುಟ್ಟಿದ ಗಳಿಗೆಯ ಸಾಕ್ಷಿ ಅವರ ಫಿಲ್ಮಿನಲ್ಲಿ ಉಳಿದಿದೆ. ಆ ದಾರಿಯ ಒಂದು ಕಡಿದಾದ ತಿರುವಿಗೆ ಇವತ್ತಿಗೂ ‘ಕ್ಯಾಮೆರಾ ಕಾರ್ನರ್’ ಎಂದೇ ಹೆಸರು. ಫೋಟೊದವರು ನಿಲ್ಲುತ್ತಿದ್ದ ಜಾಗ. ಅವರು ಸವಾರಿಯೂ ಮಾಡಿದರು, ನಿಂತೂ ನೋಡಿದರು. ಎಲ್ಲಿ ಚಕ್ರ ಜಾರುತ್ತದೆ, ಎಲ್ಲಿ ಸವಾರನ ಮುಖ ಬಿಗಿಯುತ್ತದೆ ಎಂಬುದು ಅವರಿಗೆ ಬೇರೆಯವರು ಹೇಳಿ ಗೊತ್ತಾದದ್ದಲ್ಲ. ಅದಕ್ಕೇ ಆ ಚಿತ್ರಗಳಲ್ಲಿ ಜೀವ ಇದೆ ಎಂದು ನನ್ನ ನಂಬಿಕೆ.

ಸಾಣಾಪುರದ ದಾರಿಯಲ್ಲಿ ನಮಗೂ ಒಂದು ಅಂಥ ತಿರುವು ಇದೆ. ಬಂಡೆಯಿಂದ ಇಳಿದು, ಎರಡು ಗುಂಡುಗಳ ಸಂದಿಯಲ್ಲಿ ನುಸುಳಿ, ಗದ್ದೆಯ ಬದುವಿಗೆ ಬೀಳುವ ಜಾಗ. ಅಲ್ಲಿ ಅಕ್ಕನ ಮಗನನ್ನು ಇಳಿಸಿ ನಾನು ಕಲಿತದ್ದು ಬಹಳ.

ಮೊದಲನೆಯ ಪಾಠ ಇಳಿಜಾರಿನದು. ಕಣ್ಣಿಗೆ ಗೋಡೆಯ ಹಾಗೆ ಕಂಡ ಬಂಡೆ ಫೋಟೊದಲ್ಲಿ ಚಪ್ಪಟೆಯಾಗಿಬಿಡುತ್ತದೆ. ನಾನು ಮೊದಲು ತೆಗೆದ ಚಿತ್ರಗಳನ್ನು ನೋಡಿ ಹುಡುಗ ಸಪ್ಪಗಾದ. “ಇದೇನ ಚಿಕ್ಕಮ್ಮ, ನಾ ಜೀವ ಕೈಯಾಗ ಹಿಡಕೊಂಡು ಇಳದೀನಿ, ಇದ್ರಾಗ ಅಂಗಳದಾಗ ಸೈಕಲ್ ಹೊಡದಂಗ ಕಾಣ್ತದಲ್ಲ!” ಅಂದ. ತಪ್ಪು ನನ್ನದೇ. ನಾನು ಮೇಲೆ ನಿಂತು ಕೆಳಮುಖವಾಗಿ ತೆಗೆದಿದ್ದೆ. ಹಾಗೆ ತೆಗೆದರೆ ಇಳಿಜಾರು ಸತ್ತುಹೋಗುತ್ತದೆ. ಪಕ್ಕದಲ್ಲಿ ನಿಂತು ತೆಗೆಯಬೇಕು. ಚೌಕಟ್ಟಿನೊಳಗೆ ನೆಟ್ಟಗೆ ನಿಂತದ್ದು ಏನಾದರೂ ಇರಬೇಕು. ಒಂದು ತಾಳೆಮರ, ಒಂದು ವಿದ್ಯುತ್ ಕಂಬ, ಕೆರೆಯ ನೀರಿನ ಗೆರೆಯಾದರೂ ಸಾಕು. ನೆಟ್ಟಗಿರುವುದು ಎದುರಿಗಿದ್ದರೆ ಓರೆಯಾದದ್ದು ಎಷ್ಟು ಓರೆ ಎಂದು ಕಣ್ಣು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ಎರಡನೆಯದು ವೇಗದ ವಿಷಯ. ಶಟರನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟರೆ ಸವಾರ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತುಬಿಡುತ್ತಾನೆ. ಚಕ್ರದ ಕಡ್ಡಿಗಳನ್ನೂ ಎಣಿಸಬಹುದು, ಆದರೆ ಓಟ ಇರುವುದಿಲ್ಲ. ಮೂವತ್ತರಲ್ಲೊಂದು ಭಾಗಕ್ಕೆ ಇಳಿಸಿ, ಅವನ ಜೊತೆಗೇ ಸೊಂಟದಿಂದ ಮೇಲಕ್ಕೆ ಮೈ ತಿರುಗಿಸುತ್ತ ಒತ್ತಿದರೆ ಮುಖ ಸ್ಪಷ್ಟವಾಗಿ ಉಳಿದು ಹಿಂದಿನ ಗದ್ದೆಯೆಲ್ಲ ಹಸಿರು ಗೆರೆಗಳಾಗಿ ಹರಿಯುತ್ತದೆ. ಹತ್ತರಲ್ಲಿ ಒಂಬತ್ತು ಕೆಡುತ್ತವೆ. “ಬಂತೇನ?” ಅಂತ ಹುಡುಗ ಕೆಳಗಿನಿಂದ ಕೂಗುತ್ತಾನೆ. “ಇಲ್ಲಪಾ, ಇನ್ನೊಂದ್ಸಲ ಇಳಿ” ಅನ್ನುತ್ತೇನೆ. ಸೈಕಲ್ಲು ಹೆಗಲಿಗೇರಿಸಿಕೊಂಡು ಮತ್ತೆ ಹತ್ತಿ ಬರುತ್ತಾನೆ. ಇಂಥ ಚಿತ್ರದಲ್ಲಿ ಅರ್ಧ ಪಾಲು ಅವನ ತೊಡೆಯದು.

ಕ್ಯಾಮೆರಾವನ್ನು ಹ್ಯಾಂಡಲ್ಲಿನ ಮುಂದಿನ ಚೀಲದಲ್ಲಿ ಇಡಬೇಡಿ. ನೆಲದ ಅಷ್ಟೂ ಕುಲುಕಾಟ ಅಲ್ಲಿಗೇ ಬರುತ್ತದೆ. ಎದೆಗೆ ಒತ್ತಿ ಕಟ್ಟಿದ ಸಣ್ಣ ಚೀಲ ಒಳ್ಳೆಯದು. ಕೈಕಾಲು ಕುಲುಕನ್ನು ನುಂಗಿಕೊಂಡು ಎದೆಯನ್ನು ಸ್ಥಿರವಾಗಿ ಇಟ್ಟಿರುತ್ತವೆ. ಇನ್ನು ಪಂಕ್ಚರು. ನಮ್ಮ ಕಡೆ ಬಳ್ಳಾರಿ ಜಾಲಿ ಇಲ್ಲದ ಜಾಗ ಇಲ್ಲ, ನೆಲದ ಮೇಲೆ ನೆಗ್ಗಿಲುಮುಳ್ಳು. ಜಾಲಿಮುಳ್ಳು ಚುಚ್ಚಿದ್ದು ಕಂಡರೆ ಅಲ್ಲೇ ಕೀಳಲು ಹೋಗಬೇಡಿ, ಟ್ಯೂಬು ಬದಲಿಸಲು ನೆರಳು ಸಿಗುವವರೆಗೆ ಅದೇ ಬಿರಡೆಯ ಕೆಲಸ ಮಾಡುತ್ತಿರುತ್ತದೆ. ಸಂಜೆ ಹೊತ್ತು ಮುಳುಗುವ ಮೊದಲೇ ಬೆಟ್ಟ ಬಿಡಿ. ಕರಡಿ, ಚಿರತೆಗಳ ಮನೆ ಅದು. ದರೋಜಿಯ ಕರಡಿಧಾಮ ಇಲ್ಲಿಗೆ ಹತ್ತಿರ, ಕರಡಿಗೆ ಧಾಮದ ಗಡಿ ಗೊತ್ತಿಲ್ಲ.

ಈಗ ಇನ್ನೊಬ್ಬರ ವಿಷಯ. ನನ್ನ ಮನಸ್ಸಿಗೆ ತೀರ ಹತ್ತಿರದ್ದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಕಂಪನಿ ಸರಕಾರದ ಸೇನಾಧಿಕಾರಿ ಹಂಪಿಗೆ ಕ್ಯಾಮೆರಾ ತಂದರು. ಫಿಲ್ಮು ಇನ್ನೂ ಹುಟ್ಟಿರಲಿಲ್ಲ. ಮೇಣ ಸವರಿದ ದೊಡ್ಡ ಕಾಗದದ ಹಾಳೆಯೇ ನೆಗೆಟಿವ್. ಮರದ ದೊಡ್ಡ ಪೆಟ್ಟಿಗೆಯನ್ನು ನಿಲ್ಲಿಸಿ, ನಿಮಿಷಗಟ್ಟಲೆ ಬೆಳಕು ಬೀಳಲು ಬಿಡಬೇಕು. ಅಷ್ಟು ಹೊತ್ತಿನಲ್ಲಿ ಎದುರಿಗೆ ಯಾರಾದರೂ ನಡೆದುಹೋದರೆ ಕಾಗದ ಅವರನ್ನು ಹಿಡಿಯುವುದೇ ಇಲ್ಲ. ಕದಲದೆ ನಿಂತದ್ದು ಮಾತ್ರ ಉಳಿಯುತ್ತದೆ. ಆ ಕಾಗದಗಳಲ್ಲಿ ಹಲವು ಇಂದಿಗೂ ಇವೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಅವರ ಚಿತ್ರದಲ್ಲಿ ಇಟ್ಟಿಗೆಯ ಗೋಪುರವೊಂದು ಕಾಣುತ್ತದೆ. ಇವತ್ತು ಆ ರಥದ ಮೇಲೆ ಗೋಪುರ ಇಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ ನಾವು ನೋಡುವ ರಥ ಗೋಪುರ ಕಳೆದುಕೊಂಡ ಮೇಲಿನದು. ಯಾರೋ ಒಬ್ಬರು ಬಿಸಿಲಿನಲ್ಲಿ ಪೆಟ್ಟಿಗೆ ಹೊತ್ತು ಬಂದು ಕಾದು ನಿಂತದ್ದರಿಂದ ಇಲ್ಲದ ಗೋಪುರ ನಮಗೆ ಕಾಣುತ್ತದೆ.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಕಟ್ಟಡದ ಜಂತೆ, ಗೋಪುರ, ಮರ ಎಲ್ಲ ಬದಲಾಗಿವೆ. ಹಿಂದಿನ ಬೆಟ್ಟದ ಗುಂಡುಗಳು ಮಾತ್ರ ಇದ್ದಲ್ಲೇ ಇವೆ. ಗೋಲಿಂಗ್ಸ್ ಹೀಗೆ ಮಾಡಿದ್ದನ್ನು ತಿಳಿದ ಮೇಲೆ ನಾನು ನಮ್ಮ ತಿರುವಿನಲ್ಲಿ ಪ್ರತಿ ವರ್ಷ ಡಿಸೆಂಬರಿನಲ್ಲಿ ಅದೇ ಕಲ್ಲಿಗೆ ಬೆನ್ನು ಕೊಟ್ಟು ಒಂದು ಚಿತ್ರ ತೆಗೆಯತೊಡಗಿದೆ. ಒಂಬತ್ತು ಚಿತ್ರಗಳಾಗಿವೆ. ನಾಲ್ಕನೆಯದರಲ್ಲಿ ತಾಳೆಮರದ ತಲೆ ಸಿಡಿಲು ಬಡಿದು ಹೋಗಿದೆ. ಆರನೆಯದರಲ್ಲಿ ಮರವೇ ಇಲ್ಲ. ಗದ್ದೆಯ ಅಂಚಿನಲ್ಲಿ ಒಂದು ತಗಡಿನ ಮನೆ ಬಂದಿದೆ, ಆಮೇಲೆ ಅದರ ಮುಂದೆ ಒಂದು ತೊಟ್ಟಿಲು. ಹುಡುಗನ ಮೀಸೆ ಚಿಗುರಿದ್ದೂ ಆ ಚಿತ್ರಗಳಲ್ಲೇ ಇದೆ.

ಒಂದು ನೋವಿನ ಸಂಗತಿಯನ್ನೂ ಹೇಳದೆ ಇರಲಾರೆ. 2019ರಲ್ಲಿ ಹಂಪಿಯ ಕಲ್ಲುಕಂಬವೊಂದನ್ನು ಕೆಲವು ಯುವಕರು ತಳ್ಳಿ ಉರುಳಿಸುವ ವಿಡಿಯೊ ನಾಡಿನ ತುಂಬ ಹರಿದಾಡಿತು. ನ್ಯಾಯಾಲಯ ದಂಡ ಹಾಕಿ, ಅವರಿಂದಲೇ ಕಂಬವನ್ನು ಮತ್ತೆ ನಿಲ್ಲಿಸಿತು. ನನ್ನನ್ನು ಕಾಡಿದ್ದು ಅದನ್ನು ಯಾರೋ ಚಿತ್ರೀಕರಿಸುತ್ತ ನಿಂತಿದ್ದರಲ್ಲ, ಆ ವಿಷಯ. ಎದುರಿಗೆ ಕ್ಯಾಮೆರಾ ಇದೆ ಎಂದರೆ ಮನುಷ್ಯ ಮಾಡಬಾರದ್ದನ್ನೂ ಮಾಡುತ್ತಾನೆ. ಸೈಕಲ್ಲಿನವರಲ್ಲಿಯೂ ಈ ಚಾಳಿ ಇದೆ. ಹಳೆಯ ಮಂಟಪದ ಮೆಟ್ಟಿಲಿನಿಂದ ಸೈಕಲ್ಲು ಹಾರಿಸಿ ಚಿತ್ರ ತೆಗೆಸಿಕೊಳ್ಳುವುದನ್ನು ನಾನು ನೋಡಿದ್ದೇನೆ, ಅಡ್ಡ ನಿಂತು ಜಗಳವನ್ನೂ ಆಡಿದ್ದೇನೆ. ಬೆಟ್ಟದ ಬಂಡೆ ನಮ್ಮ ಟೈರನ್ನು ತಾಳಿಕೊಳ್ಳುತ್ತದೆ, ಅದು 250 ಕೋಟಿ ವರ್ಷದ್ದು. ಐನೂರು ವರ್ಷದ ಕೆತ್ತನೆಯ ಮೆಟ್ಟಿಲು ತಾಳಿಕೊಳ್ಳುವುದಿಲ್ಲ. ಸ್ಮಾರಕ ಕಂಡಲ್ಲಿ ಇಳಿಯಿರಿ, ಸೈಕಲ್ಲನ್ನು ದೂರದ ಮರಕ್ಕೆ ಒರಗಿಸಿ ನಡೆದು ಹೋಗಿ. ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಬ್ಬಿಣಯುಗದ ಜನ ಚಪ್ಪಡಿ ಕಲ್ಲಿನಲ್ಲಿ ಕಟ್ಟಿದ ನೂರಾರು ಸಮಾಧಿಮನೆಗಳಿವೆ. ಅಲ್ಲಿಗೆ ನಾವು ಹೋದಾಗ ಸೈಕಲ್ಲುಗಳನ್ನು ಬೆಟ್ಟದ ಬುಡದಲ್ಲೇ ಬಿಟ್ಟಿದ್ದೆವು. ಇಡೀ ದಿನ ಬರೀ ಕಾಲ್ನಡಿಗೆ. ಅವತ್ತಿನ ಚಿತ್ರಗಳೇ ನನ್ನ ಹತ್ತಿರ ಇರುವುದರಲ್ಲಿ ಒಳ್ಳೆಯವು.

ಅಕ್ಕನ ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ. ಬರುವ ತಿಂಗಳು ಹೊರಡುತ್ತಾನೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ, “ಈ ವರ್ಷದ ಫೋಟೊಕ್ಕ ಯಾರ ಇಳೀತಾರ?” ಅಂದ. “ನಾನ ಇಳೀತೀನಿ, ನೀ ಹೋಗೂದರಾಗ ಒಂದ್ಸಲ ನಿಂತು ತಗದು ಕೊಟ್ಟು ಹೋಗು” ಅಂದೆ. ಕ್ಯಾಮೆರಾ ಹಿಡಿಯುವುದನ್ನು ಅವನಿಗೆ ಕಲಿಸುವುದಿದೆ. ಆ ಸಂದಿಯಲ್ಲಿ ಎಡಗಡೆ ನೋಡದೆ ಇಳಿಯುವುದನ್ನು ನಾನು ಅವನಿಂದ ಕಲಿಯಬೇಕು. ದೋಣಿಯವರಿಗೆ ಭಾನುವಾರ ಬೆಳಿಗ್ಗೆ ಆರಕ್ಕೆ ಬರುತ್ತೇವೆ, ಎರಡು ಸೈಕಲ್ಲು ಇರುತ್ತವೆ ಎಂದು ಹೇಳಿಟ್ಟಿದ್ದೇನೆ.